ಸೊಪ್ಪಿನ ಬೆಟ್ಟದ ಪಾಠ: ಶಿರಸಿ ಸೀಮೆಯಲ್ಲಿ ಮರ ಗುರುತಿಸುವ ವಿದ್ಯೆಯ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಮರವನ್ನು ಎಲೆಯಿಂದ ಗುರುತಿಸುವ ವಿದ್ಯೆಗೆ ಶಾಲೆಗಿಂತ ಹಳೆಯದಾದ ತವರೊಂದಿದೆ. ಅದು ಸೊಪ್ಪಿನ ಬೆಟ್ಟ. ಕಣಿವೆಯ ತಳದಲ್ಲಿ ನೀರಿನ ಆಸರೆಗೆ ಅಡಿಕೆ ತೋಟ, ತೋಟದ ಮೇಲ್ಗಡೆ ಮನೆ ಮತ್ತು ಕೊಟ್ಟಿಗೆ, ಅದಕ್ಕೂ ಮೇಲಿನ ಇಳಿಜಾರಿನಲ್ಲಿ ತೋಟಕ್ಕೆ ಬೇಕಾದ ಹಸಿಸೊಪ್ಪನ್ನೂ ದರಕನ್ನೂ ಒದಗಿಸುವ ಕಾಡು, ಹೀಗೆ ಒಂದಕ್ಕೊಂದು ಅಂಟಿಕೊಂಡಿರುವ ಈ ಸೀಮೆಯ ಬದುಕಿನಲ್ಲಿ ಆ ಮೇಲಿನ ಕಾಡಿಗೆ ಸೊಪ್ಪಿನ ಬೆಟ್ಟವೆಂದು, ದಿನಬಳಕೆಯ ಮಾತಿನಲ್ಲಿ ಬರಿಯ 'ಬೆಟ್ಟ'ವೆಂದು ಹೆಸರು. ದರಕು ಎಂದರೆ ಮರದಿಂದ ಉದುರಿ ನೆಲದ ಮೇಲೆ ಒಣಗಿದ ಎಲೆ. ಹಸಿಸೊಪ್ಪು ಎಂದರೆ ಮರ ಹತ್ತಿ ಕತ್ತಿಯಿಂದ ಕೊಯ್ದಿಳಿಸಿದ ಎಳೆಯ ರೆಂಬೆ ಮತ್ತು ಎಲೆ. ಇವೆರಡನ್ನೂ ತಲೆಮಾರುಗಳ ಕಾಲ ಹೊರೆಗಟ್ಟಿ ಹೊತ್ತ ಜನರ ಕೈಗೆ ಮರದ ಗುರುತು ಕೆಲಸದ ಜೊತೆಯಲ್ಲಿಯೇ ಬಂದಿತು. ಮುಂದೆ ಇದೇ ಸೀಮೆಗೆ ಬಂದ ಸಸ್ಯವಿಜ್ಞಾನಿಗಳು, ಅರಣ್ಯಾಧಿಕಾರಿಗಳು ಮತ್ತು ಅಧ್ಯಾಪಕರು ಆ ಗುರುತಿನ ಮೇಲೆಯೇ ತಮ್ಮ ಪಟ್ಟಿಗಳನ್ನು ಕಟ್ಟಿದರು.

ಈ ನೆಲದ ಚರಿತ್ರೆಯಲ್ಲಿ ಮರದ ಹೆಸರು ಮೊದಲಿಗೆ ಕಾಣಿಸಿಕೊಳ್ಳುವುದು ಅರಸುಮನೆತನದ ಹೆಸರಾಗಿ. ಇಂದು ಶಿರಸಿ ತಾಲ್ಲೂಕಿಗೆ ಸೇರಿರುವ ಬನವಾಸಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಕದಂಬರು ತಮ್ಮ ಮನೆಯ ಬಳಿ ಬೆಳೆದಿದ್ದ ಕದಂಬ ವೃಕ್ಷವೊಂದನ್ನು ಆರೈಕೆ ಮಾಡಿಕೊಂಡು ಬಂದುದರಿಂದ ಆ ಕುಲಕ್ಕೆ ಆ ಹೆಸರು ಬಂದಿತೆಂದು ಐದನೆಯ ಶತಮಾನದ ತಾಳಗುಂದ ಸ್ತಂಭಶಾಸನವು ಹೇಳುತ್ತದೆ. ಆದರೆ ಆ ಕದಂಬ ಯಾವ ಮರ ಎಂಬ ಪ್ರಶ್ನೆಯನ್ನು ಎತ್ತಿದ ಕೂಡಲೇ ಗುರುತಿಸುವ ವಿದ್ಯೆಯ ತೊಡಕು ಎದುರಾಗುತ್ತದೆ. ಮಲೆನಾಡಿನಲ್ಲಿ ಚೆಂಡಿನಾಕಾರದ ಹೂಗೊಂಚಲು ಬಿಡುವ, ಒಂದೇ ಕುಟುಂಬಕ್ಕೆ ಸೇರಿದ ಮೂರು ಮರಗಳಿವೆ: ತಗ್ಗಿನ ತೇವದ ಜಾಗಗಳಲ್ಲಿ ದೊಡ್ಡ ಎಲೆ ಹೊತ್ತು ಬೆಳೆಯುವ ಕದಂಬ, ಚಿಕ್ಕ ಚೆಂಡಿನ ಕಡವಾಲ, ಮತ್ತು ಬುಡದಲ್ಲಿ ಹೃದಯಾಕಾರಕ್ಕೆ ತಿರುಗುವ ಅಗಲವಾದ ಎಲೆಯ ಹೆದ್ದೆ ಅಥವಾ ಎತ್ತೇಗ. ಮೂರರಲ್ಲಿಯೂ ಎಲೆಗಳು ಎದುರುಬದುರಾಗಿ ಹುಟ್ಟುತ್ತವೆ; ಎರಡು ತೊಟ್ಟುಗಳ ನಡುವೆ ಎಳೆಯ ಕುಡಿಯನ್ನು ಮುಚ್ಚುವ ಪುಟ್ಟ ಪೊರೆಗಳಿರುತ್ತವೆ. ಎಲೆಯ ಅಳತೆ, ಬುಡದ ಆಕಾರ, ಚೆಂಡಿನ ಗಾತ್ರ ಇವುಗಳನ್ನು ಒಟ್ಟಿಗೆ ನೋಡದೆ ಯಾವುದೊಂದನ್ನೂ ಖಚಿತವಾಗಿ ಹೇಳಲಾಗದು. ಸಂಸ್ಕೃತ ಕವಿಗಳೂ ವೈದ್ಯರೂ ಕದಂಬವೆಂಬ ಹೆಸರಿಗೆ ವಿಶೇಷಣಗಳನ್ನು ಸೇರಿಸಿ ಹಲವು ಬಗೆಗಳನ್ನು ಎಣಿಸಿದ್ದಾರೆ. ಶಾಸನವಾದರೋ ಹೆಸರನ್ನಷ್ಟೇ ಕೊಡುತ್ತದೆ, ಎಲೆಯನ್ನು ಕೊಡುವುದಿಲ್ಲ. ಹೆಸರು ಉಳಿದು ಎಲೆ ಉಳಿಯದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಈ ಸೀಮೆಯಲ್ಲಿ ಬೇರೆ ಬೇಕಿಲ್ಲ.

ಊರ ಹೆಸರುಗಳಲ್ಲಿಯೂ ಮರಗಳು ಕುಳಿತಿವೆ. ಶಿರಸಿ ಎಂಬ ಹೆಸರು ಶಿರೀಷದಿಂದ, ಅಂದರೆ ಬಾಗೆ ಮರದಿಂದ ಬಂದುದೆಂಬ ಹೇಳಿಕೆ ಜನರಲ್ಲಿದೆ. ಮತ್ತೀಘಟ್ಟ, ಮಾವಿನಗುಂಡಿ, ಮಾವಿನಮನೆ, ಬಿದ್ರಕಾನು ಇವು ವಿವರಣೆ ಬೇಡದ ಹೆಸರುಗಳು. ಇವುಗಳಲ್ಲಿ ಕೊನೆಯದರ 'ಕಾನು' ಎಂಬ ಮಾತು ಮಾತ್ರ ಗಮನಾರ್ಹ. ವರ್ಷವಿಡೀ ಹಸುರಾಗಿರುವ, ನೀರಿನ ಸೆಲೆಯನ್ನು ಕಾಪಾಡುವ ದಟ್ಟ ಕಾಡಿಗೆ ಇಲ್ಲಿ ಕಾನು ಎನ್ನುತ್ತಾರೆ. ಬೇಸಿಗೆಯಲ್ಲಿ ಎಲೆಯುದುರಿಸುವ ಬಯಲು ಕಾಡಿನಿಂದ ಇದು ಬೇರೆ. ದೇವರಿಗೆ ಮೀಸಲಾದದ್ದು ದೇವರ ಕಾನು. ಅಲ್ಲಿ ಕೊಡಲಿ ಎತ್ತುವಂತಿರಲಿಲ್ಲ, ಆದರೆ ಕಾಳುಮೆಣಸು, ಉಪ್ಪಾಗೆ, ಮುರುಗಲು, ದಾಲ್ಚಿನ್ನಿ, ಜೇನು ಇವುಗಳನ್ನು ತರಲು ಅಡ್ಡಿಯಿರಲಿಲ್ಲ. ಕಡಿಯಬಾರದ ಕಾಡಿನಿಂದ ಬೇಕಾದುದನ್ನು ಆಯ್ದು ತರಬೇಕಾದವರಿಗೆ ಯಾವ ಮರ ಏನು ಕೊಡುತ್ತದೆ, ಯಾವ ತಿಂಗಳಲ್ಲಿ ಕೊಡುತ್ತದೆ ಎಂಬುದು ತಿಳಿದಿರಲೇಬೇಕು. ಕಾನಿನ ಗುರುತು ಹಣ್ಣು ಮತ್ತು ತೊಗಟೆಯ ಗುರುತು. ಬೆಟ್ಟದ ಗುರುತು ಎಲೆಯ ಗುರುತು. ಈ ಸೀಮೆಯ ಮಕ್ಕಳು ಎರಡನ್ನೂ ಕಲಿಯುತ್ತಿದ್ದರು.

ಎಲೆ ಸಂಗ್ರಹವೆಂಬುದನ್ನು ಹೊಸ ಕಾಲದ ಶಾಲೆಯ ಚಟುವಟಿಕೆ ಎಂದು ಎಣಿಸುವವರು ಭಾದ್ರಪದ ಚೌತಿಯ ಬೆಳಗನ್ನು ನೆನೆಯಬೇಕು. ವರಸಿದ್ಧಿವಿನಾಯಕ ವ್ರತದಲ್ಲಿ ಗಣಪತಿಗೆ 21 ಬಗೆಯ ಎಲೆಗಳನ್ನು ಒಂದೊಂದಾಗಿ ಹೆಸರು ಹೇಳಿ ಏರಿಸುವ ಕ್ರಮವಿದೆ. ಬಿಲ್ವ, ಬದರಿ ಎಂದರೆ ಬೋರೆ, ಚೂತ ಎಂದರೆ ಮಾವು, ದಾಡಿಮ ಎಂದರೆ ದಾಳಿಂಬೆ, ಸಿಂಧುವಾರ ಎಂದರೆ ಲಕ್ಕಿ, ಶಮೀ, ಅಶ್ವತ್ಥ, ಅರ್ಜುನ, ಅರ್ಕ ಎಂದರೆ ಎಕ್ಕ ಹೀಗೆ ಸಾಗುವ ಆ ಪಟ್ಟಿಯಲ್ಲಿ ಮರವೂ ಪೊದೆಯೂ ಗರಿಕೆಯೂ ಸೇರಿವೆ. ಮಂತ್ರದಲ್ಲಿರುವುದು ಸಂಸ್ಕೃತ ಹೆಸರು, ಬೇಲಿಯಲ್ಲಿರುವುದು ಕನ್ನಡ ಹೆಸರಿನ ಗಿಡ. ಎರಡನ್ನೂ ಜೋಡಿಸಿದವರಿಗಷ್ಟೇ ಪೂಜೆಯ ತಟ್ಟೆ ತುಂಬುತ್ತದೆ. ದೇವದಾರು ಹಿಮಾಲಯದ ಮರವಾದುದರಿಂದ ಇಲ್ಲಿ ಸಿಗದು. ಅರ್ಜುನ ಪತ್ರಕ್ಕೆ ಹೊಳೆಮತ್ತಿಯ ಎಲೆ ಬೇಕು, ಬೆಟ್ಟದ ಕರಿಮತ್ತಿಯ ಎಲೆಯಲ್ಲ ಎಂಬ ಭೇದ ಬಲ್ಲ ಹಿರಿಯರು ಮನೆಯಲ್ಲಿದ್ದರೆ ಆ ಹಬ್ಬವೇ ಮಕ್ಕಳಿಗೆ ಒಂದು ಪಾಠ. ಅದೇ ಹಬ್ಬಕ್ಕೆ ಗಣಪತಿಯ ಮೇಲ್ಭಾಗದಲ್ಲಿ ಕಟ್ಟುವ ಫಲಾವಳಿ, ಅಂದರೆ ಆ ಋತುವಿನ ಕಾಡುಕಾಯಿ, ಹಣ್ಣು, ಹೂಗಳ ತೂಗುಮಂಟಪ, ಸುತ್ತಲಿನ ಕಾಡಿನ ಒಂದು ಸಂಗ್ರಹಾಲಯವೇ ಸರಿ. ಹೋಮಕ್ಕೆ ಬೇಕಾದ ನವಗ್ರಹ ಸಮಿಧೆಯೂ ಇಂಥದೇ ಲೆಕ್ಕ: ಮುತ್ತುಗ, ಕಗ್ಗಲಿ, ಅರಳಿ, ಅತ್ತಿ, ಬನ್ನಿ ಇವುಗಳ ಕಡ್ಡಿಯನ್ನು ಎಲೆಯಿಲ್ಲದೆ, ತೊಗಟೆಯಿಂದಲೇ ಬೇರ್ಪಡಿಸುವ ಕಣ್ಣು ಅದಕ್ಕೆ ಬೇಕಾಗುತ್ತದೆ.

ಆದರೂ ಹಬ್ಬ ವರ್ಷಕ್ಕೊಮ್ಮೆ. ಬೆಟ್ಟದ ಕೆಲಸ ವರ್ಷವಿಡೀ. ಮಳೆಗಾಲದಲ್ಲಿ ಕೊಟ್ಟಿಗೆಯ ನೆಲ ಒದ್ದೆಯಾಗದಂತೆ ದನಗಳ ಕಾಲಡಿಗೆ ಹಸಿಸೊಪ್ಪು ಹಾಸುವುದು, ಅದು ಸಗಣಿ ಗಂಜಲಗಳೊಡನೆ ತುಳಿದು ಮೆದುವಾದ ಮೇಲೆ ಗೊಬ್ಬರದ ಗುಂಡಿಗೆ ಎಳೆಯುವುದು, ಬೇಸಿಗೆಯಲ್ಲಿ ಬೆಟ್ಟದ ನೆಲ ಗುಡಿಸಿ ದರಕನ್ನು ಒಟ್ಟುವುದು, ಕಳಿತ ಗೊಬ್ಬರವನ್ನು ಅಡಿಕೆ ಮರದ ಬುಡಕ್ಕೆ ಹಾಕಿ ಮೇಲೆ ಮತ್ತೆ ಸೊಪ್ಪು ಮುಚ್ಚುವುದು ಈ ಬೇಸಾಯದ ಸುತ್ತು. ಈ ಕೆಲಸದ ಭಾರವನ್ನು ತೋಟದ ಒಡೆಯರಾದ ಹವ್ಯಕ ಕುಟುಂಬಗಳಷ್ಟೇ ಹೊತ್ತವರಲ್ಲ. ಕರೇ ಒಕ್ಕಲಿಗರು, ದೀವರು, ಯಲ್ಲಾಪುರದ ಕಡೆ ಸಿದ್ದಿಯರು, ಕುಣಬಿಯರು ಮತ್ತು ದನಗಾಹಿಗಳಾದ ಗೌಳಿಗರು ಕಾಡಿನ ಕೆಲಸಗಳಲ್ಲಿ ಬೆಳೆದವರು. ಮರದ ಮೇಲೆ ಹತ್ತಿದವರು ಗಂಡಸರಾದರೆ, ದರಕು ಗುಡಿಸಿ ಹೊರೆ ಕಟ್ಟಿದವರಲ್ಲಿ ಹೆಂಗಸರೇ ಹೆಚ್ಚು. ಒಂದು ರೆಂಬೆಯನ್ನು ನೋಡಿ ಮರದ ಹೆಸರು ಹೇಳುವುದಕ್ಕಿಂತ, ನೆಲದ ಮೇಲೆ ಸುರುಟಿ ಒಣಗಿದ ಒಂದು ಎಲೆಯಿಂದ ಹೇಳುವುದು ಕಷ್ಟ. ದರಕು ಗುಡಿಸಿದ ಹೆಂಗಸರು ಬಲ್ಲ ವಿದ್ಯೆ ಈ ಎರಡನೆಯದು.

ಬೆಟ್ಟದಲ್ಲಿ ಹೆಚ್ಚಾಗಿ ಕಾಣುವ ಮರಗಳು ಮತ್ತಿ, ಕಿಂದಳ, ನಂದಿ, ಹೊನ್ನೆ, ಜಂಬೆ, ಕೌಲು, ನೇರಲು, ಸಳ್ಳೆ, ಅಳಲೆ, ತಾರೆ, ನೆಲ್ಲಿ. ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಮುದ್ರೆಯಿದೆ. ಮತ್ತಿಯ ತೊಗಟೆ ಮೊಸಳೆಯ ಬೆನ್ನಿನಂತೆ ಕರ್ರಗೆ, ಚೌಕಳಿಯಾಗಿ ಸೀಳಿರುತ್ತದೆ. ನಂದಿಯ ತೊಗಟೆ ನುಣುಪಾಗಿ, ಬೆಳ್ಳಗೆ, ತೆಳುವಾದ ಹಾಳೆಗಳಾಗಿ ಕಳಚುತ್ತದೆ. ಹೊನ್ನೆಯ ತೊಗಟೆಗೆ ಕತ್ತಿ ತಗುಲಿದರೆ ಕೆಂಪು ಅಂಟು ಜಿನುಗುತ್ತದೆ. ಕೌಲಿನ ಎಲೆ ಉದುರುವ ಮುನ್ನ ಕೆಂಪಾಗುತ್ತದೆ. ಜಂಬೆಯ ಮರದಂಥ ಗಟ್ಟಿ ಕಾಯಿ ಬೇಸಿಗೆಯ ಬಿಸಿಲಿಗೆ ಸದ್ದು ಮಾಡಿ ಸಿಡಿಯುತ್ತದೆ. ತೊಗಟೆ ಕಾಣದ ಎಳೆಯ ಗಿಡದಲ್ಲಿ ಎಲೆಯನ್ನೇ ನಂಬಬೇಕು. ಮತ್ತಿಯ ಎಲೆಯನ್ನು ತಿರುಗಿಸಿ ಬೆನ್ನಿನ ಕಡೆ ನೋಡಿದರೆ ತೊಟ್ಟಿಗೆ ಸಮೀಪದಲ್ಲಿ ನಡುನರದ ಮಗ್ಗುಲಿಗೆ ಕಾಳಿನಂಥ ಪುಟ್ಟ ಗಂಟುಗಳು ಬೆರಳಿಗೆ ತಗಲುತ್ತವೆ. ಇವು ರಸಗ್ರಂಥಿಗಳು. ಕತ್ತಲಲ್ಲಿಯೂ ಬೆರಳಿನಿಂದ ಓದಬಹುದಾದ ಅಕ್ಷರವೆಂದರೆ ಇದೇ.

ಇನ್ನೊಂದು ಮರದ ಗುರುತು ತಪ್ಪಿದರೆ ಮೈಯೇ ದಂಡ ತೆರಬೇಕಾಗುತ್ತದೆ. ಗೇರಿನ ಕುಟುಂಬಕ್ಕೆ ಸೇರಿದ ಹೊಲಗೇರಿನ ಹಾಲು ಗಾಳಿ ತಗುಲಿದೊಡನೆ ಕಪ್ಪಾಗುತ್ತದೆ. ಮೈಗೆ ತಾಗಿದರೆ ಚರ್ಮ ಸುಟ್ಟಂತಾಗಿ ಬೊಬ್ಬೆಯೇಳುತ್ತದೆ. ಸೊಪ್ಪು ಕೊಯ್ಯಲು ಕಲಿಯುವ ಹುಡುಗನಿಗೆ ಮೊದಲು ತೋರಿಸಬೇಕಾದ ಮರವಿದು. ಇದರ ಎಲೆಗಳು ನೀಳವಾಗಿ, ಟೊಂಗೆಯ ತುದಿಯಲ್ಲಿ ಗುಂಪಾಗಿರುತ್ತವೆ. ಮಾವಿನ ಎಲೆಯೆಂದು ಅವಸರದ ಕಣ್ಣಿಗೆ ತೋರಬಹುದು. ಆದರೆ ಎಳೆಯ ಎಲೆಯ ತೊಟ್ಟನ್ನು ಹತ್ತಿರದಿಂದ ನೋಡಿದರೆ ಅದರ ಎರಡು ಬದಿಗೆ ಮುಳ್ಳಿನಂತೆ ಕಾಣುವ, ಮುಟ್ಟಿದರೆ ಮೆದುವಾದ ಎರಡು ಪುಟ್ಟ ಕೊಂಬುಗಳಿವೆ. ಮಾವಿಗೆ ಅವು ಇಲ್ಲ. ಈ ಮರದ ಕುಲಕ್ಕೆ ಸಸ್ಯವಿಜ್ಞಾನದಲ್ಲಿ 'ಹೋಲಿಗಾರ್ನ' ಎಂದು ಹೆಸರು; ಅದು ಕನ್ನಡದ ಹೊಲಗೇರು ಎಂಬ ಮಾತೇ ಲ್ಯಾಟಿನ್ ವೇಷ ಹಾಕಿಕೊಂಡದ್ದು.

ಆ ವೇಷ ಹಾಕಿಸಿದವನು ಫ್ರಾನ್ಸಿಸ್ ಬುಕನನ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸದಾಗಿ ಕೈಸೇರಿದ ಸೀಮೆಗಳ ಬೇಸಾಯ, ಕಸುಬು, ಸಸ್ಯಸಂಪತ್ತುಗಳನ್ನು ಬರೆದು ತರುವಂತೆ ಕಂಪನಿ ಸರಕಾರ ಕಳುಹಿಸಿದ ಈ ವೈದ್ಯನು 1801ರಲ್ಲಿ ಯಲ್ಲಾಪುರ, ಸೋಂದಾ, ಶಿರಸಿ, ಬನವಾಸಿಗಳ ಮಾರ್ಗವಾಗಿ ಹಾದುಹೋದನು. 1807ರಲ್ಲಿ ಲಂಡನ್ನಿನಿಂದ ಮೂರು ಸಂಪುಟಗಳಲ್ಲಿ ಹೊರಬಂದ ಅವನ ಪ್ರವಾಸಗ್ರಂಥದಲ್ಲಿ ಅಡಿಕೆ ತೋಟಗಳ ಕ್ರಮವೂ ಮರಗಳ ಸ್ಥಳೀಯ ಹೆಸರುಗಳೂ ಸೇರಿದವು. ಕನ್ನಡ ತಿಳಿಯದ ಪ್ರವಾಸಿಯೊಬ್ಬನು ದಾರಿಯುದ್ದಕ್ಕೂ ಮರಗಳ ಹೆಸರು ಬರೆದುಕೊಂಡನೆಂದರೆ, ಪಕ್ಕದಲ್ಲಿ ನಿಂತು ಆ ಹೆಸರು ಹೇಳಿದ ಜನ ಇದ್ದರೆಂದೇ ಅರ್ಥ.

ಸಸ್ಯದ ಗುರುತನ್ನು ಕಾಗದದ ಮೇಲೆ ಉಳಿಸುವ ಕ್ರಮಕ್ಕೆ ಹರ್ಬೇರಿಯಂ, ಕನ್ನಡದಲ್ಲಿ ಒಣಸಸ್ಯ ಸಂಗ್ರಹ, ಎಂದು ಹೆಸರು. ಎಲೆ, ಹೂ, ಕಾಯಿಗಳಿರುವ ರೆಂಬೆಯನ್ನು ಕಾಗದಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಯೊಂದಕ್ಕೆ ಹೊಲಿದು ಅಥವಾ ಅಂಟಿಸಿ, ಯಾವ ಊರು, ಯಾವ ದಿನ, ಕೊಯ್ದವರು ಯಾರು ಎಂದು ಚೀಟಿ ಬರೆಯುವ ಈ ವಿಧಾನವನ್ನು 16ನೆಯ ಶತಮಾನದಲ್ಲಿ ಇಟಲಿಯ ಪೀಸಾದ ಅಧ್ಯಾಪಕ ಲೂಕಾ ಗಿನಿ ರೂಢಿಗೆ ತಂದನೆಂದು ಸಸ್ಯಶಾಸ್ತ್ರದ ಚರಿತ್ರೆ ಹೇಳುತ್ತದೆ. ಒಣಗಿದ ಎಲೆ ಬಣ್ಣ ಕಳೆದುಕೊಂಡರೂ ನರಗಳ ಹೆಣಿಗೆ, ಅಂಚಿನ ಹಲ್ಲು, ತೊಟ್ಟಿನ ಗಂಟು ಇವುಗಳನ್ನು ಕಳೆದುಕೊಳ್ಳುವುದಿಲ್ಲ. ನೂರು ವರ್ಷಗಳ ಅನಂತರ ಬೇರೊಬ್ಬರು ಅದೇ ಎಲೆಯನ್ನು ನೋಡಿ ಮೊದಲಿನವರು ಇಟ್ಟ ಹೆಸರು ಸರಿಯೋ ತಪ್ಪೋ ಎಂದು ತೀರ್ಮಾನಿಸಬಹುದು. ಕದಂಬದ ಶಾಸನಕ್ಕೆ ಇಲ್ಲದ ಅನುಕೂಲ ಇದು.

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಡಾಲ್ಜೆಲ್ ಮತ್ತು ಗಿಬ್ಸನ್ ಬರೆದ ಮುಂಬಯಿಯ ಸಸ್ಯಗ್ರಂಥ ಅದಕ್ಕೆ ಒಂದು ವರ್ಷ ಮೊದಲು, 1861ರಲ್ಲಿ ಬಂದಿತ್ತು. 1883ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಹೊರಬಂದ ಕೆನರಾ ಗ್ಯಾಸೆಟಿಯರು ಜಿಲ್ಲೆಯ ಮರಗಳನ್ನು ಸ್ಥಳೀಯ ಹೆಸರುಗಳೊಂದಿಗೆ ಪಟ್ಟಿಮಾಡಿತು. ಆದರೆ ಈ ಕಾಡುಗಳ ಗುರುತಿಗೆ ಎಲ್ಲಕ್ಕಿಂತ ಹೆಚ್ಚು ಕೊಟ್ಟವನು ಮುಂಬಯಿ ಅರಣ್ಯ ಇಲಾಖೆಯ ಡಬ್ಲ್ಯು. ಎ. ಟಾಲ್ಬಟ್. ಮುಂಬಯಿ ಪ್ರಾಂತದ ಮರ, ಪೊದೆ, ಗಟ್ಟಿಬಳ್ಳಿಗಳ ಅವನ ಪಟ್ಟಿ 1894ರಲ್ಲಿಯೂ, ಅದನ್ನು ಬೆಳೆಸಿದ ಎರಡು ಸಂಪುಟಗಳ ಅರಣ್ಯಸಸ್ಯ ಗ್ರಂಥ 1909 ಮತ್ತು 1911ರಲ್ಲಿಯೂ ಪ್ರಕಟವಾದವು. ನೇರಲಿನ ಬಂಧುವಾದ ಕಾಡುಮರವೊಂದಕ್ಕೆ ಅವನು ಇಟ್ಟ 'ಕನಾರೆನ್ಸಿಸ್' ಎಂಬ ಹೆಸರಿನಲ್ಲಿ ಕೆನರಾ ಜಿಲ್ಲೆ ಇಂದಿಗೂ ಉಳಿದಿದೆ. ಕಾಡಿನ ಕೆಲಸಗಾರನು ಹೇಳಿದ ಕನ್ನಡ ಹೆಸರನ್ನು ಶಾಸ್ತ್ರೀಯ ಹೆಸರಿನ ಪಕ್ಕದಲ್ಲಿ ಅಚ್ಚು ಹಾಕಿದ ಈ ಗ್ರಂಥಗಳಿಂದ ಕನ್ನಡಕ್ಕೆ ದೊಡ್ಡ ಉಪಕಾರವಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಉಪಕಾರವನ್ನು ಒಪ್ಪಿಕೊಂಡ ಮೇಲೆ ಒಂದು ಕೊರತೆಯನ್ನೂ ಹೇಳಬೇಕು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಮುದ್ರಣಗೊಂಡ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಡಚ್ ಅಧಿಕಾರಿ ವಾನ್ ರೀಡ್, ತನಗೆ ಗಿಡಗಳನ್ನು ತೋರಿಸಿದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಇವರ ಸಾಕ್ಷ್ಯಪತ್ರಗಳನ್ನು ಅವರವರ ಲಿಪಿಯಲ್ಲಿಯೇ ಅಚ್ಚು ಹಾಕಿಸಿದ್ದನು. ಅದಕ್ಕಿಂತ ಎರಡು ಶತಮಾನಗಳ ಅನಂತರದ ಅರಣ್ಯ ಇಲಾಖೆಯ ಪುಸ್ತಕಗಳಲ್ಲಿ ಮತ್ತಿ, ಹುನಾಲು, ಸಳ್ಳೆ ಎಂಬ ಮಾತುಗಳು ಸಿಗುತ್ತವೆ; ಆ ಮಾತು ಆಡಿದ ಬಾಯಿಯ ಗುರುತು ಸಿಗುವುದು ವಿರಳ. ಇದರಿಂದ ಆದ ನಷ್ಟ ಗೌರವದ್ದು ಮಾತ್ರವಲ್ಲ. ಕಿಂದಳವನ್ನು ಕೆಲವೆಡೆ ಹುನಾಲು ಎನ್ನುತ್ತಾರೆ. ಧೂಪ ಎಂಬ ಒಂದೇ ಹೆಸರು ಎರಡು ಬೇರೆ ಕುಟುಂಬಗಳ ಮರಗಳಿಗೆ ಸಲ್ಲುತ್ತದೆ. ಹೊನ್ನೆ ಬೇರೆ, ಸುರಹೊನ್ನೆ ಬೇರೆ. ಹೆಸರು ಹೇಳಿದವರು ಯಾವ ಊರಿನವರು, ಯಾವ ಸಮುದಾಯದವರು ಎಂಬುದು ಚೀಟಿಯಲ್ಲಿ ಇದ್ದಿದ್ದರೆ ಈ ಹೆಸರುಗಳ ಸೀಮೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಇಂದು ತಿಳಿಯುತ್ತಿತ್ತು.

ಗುರುತಿನ ವಿದ್ಯೆಗೆ ಕಾನೂನಿನ ಒತ್ತಡ ಬಂದುದೂ ಇದೇ ಕಾಲದಲ್ಲಿ. 1878ರ ಅರಣ್ಯ ಕಾಯಿದೆಯ ಅಡಿಯಲ್ಲಿ ಕಾಡುಗಳನ್ನು ಅಳೆದು ಮೀಸಲು ಮಾಡಿದಾಗ ತೋಟಗಾರರ ಸೊಪ್ಪಿನ ಹಕ್ಕು ದೊಡ್ಡ ಪ್ರಶ್ನೆಯಾಯಿತು. ಘಟ್ಟದ ಮೇಲಿನ ಈ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟವನ್ನು ಬಿಟ್ಟುಕೊಡುವ ವ್ಯವಸ್ಥೆ ನೆಲೆಗೊಂಡಿತು. ನೆಲ ಸರಕಾರದ್ದು, ಸೊಪ್ಪು ತೋಟಿಗನದ್ದು. ತೇಗ, ಬೀಟೆ, ಶ್ರೀಗಂಧ ಇವು ಬೆಟ್ಟದಲ್ಲಿ ಬೆಳೆದರೂ ಸರಕಾರದ ಸೊತ್ತು. ಹೀಗೆ ಮರದ ಜಾತಿಯೇ ಹಕ್ಕು ಮತ್ತು ಅಪರಾಧಗಳ ಗಡಿಯಾದಾಗ, ಕತ್ತಿ ಹಿಡಿದವರಿಗೆ ಬೀಟೆಯ ದುಂಡನೆಯ ಎಲೆಚೂರುಗಳನ್ನು ಹೊನ್ನೆಯ ಎಲೆಚೂರುಗಳಿಂದ ಬೇರ್ಪಡಿಸುವುದು ಅನಿವಾರ್ಯವಾಯಿತು.

ಇವೆಲ್ಲವುಗಳ ನಡುವೆ ಮನೆಯ ಅಡುಗೆಯೂ ಒಂದು ಗುರುತನ್ನು ಕಾಪಾಡಿಕೊಂಡು ಬಂದಿತು. ಅಘನಾಶಿನಿ, ಬೇಡ್ತಿ, ಶರಾವತಿ ಹೊಳೆಗಳ ದಂಡೆಯ ಕಾಡುಮಾವಿನಲ್ಲಿ ಉಪ್ಪಿನಕಾಯಿಗೆ ಹೆಸರಾದ ಅಪ್ಪೆಮಿಡಿಯ ಮರ, ಮಿಡಿಯಿಲ್ಲದ ದಿನಗಳಲ್ಲಿ ಇತರ ಮಾವುಗಳಂತೆಯೇ ಕಾಣುತ್ತದೆ. ಬಲ್ಲವರು ಎಲೆಯನ್ನು ಕಿವುಚಿ ಮೂಸಿ, ಇದು ಜೀರಿಗೆಯ ಕಂಪಿನದು, ಇದು ಕರ್ಪೂರದ ಕಂಪಿನದು ಎನ್ನುತ್ತಾರೆ. ಮರ ಗುರುತಿಸುವುದರಲ್ಲಿ ಮೂಗಿನ ಪಾಲು ಎಷ್ಟೆಂಬುದನ್ನು ಪಠ್ಯಪುಸ್ತಕಗಳು ಇನ್ನೂ ಸರಿಯಾಗಿ ಲೆಕ್ಕಕ್ಕೆ ತಂದುಕೊಂಡಿಲ್ಲ.

ಕಾಡಿಗೆ ಕರೆದೊಯ್ದು ಕಲಿಸುವುದನ್ನು ಕನ್ನಡ ಓದುಗರ ಮನಸ್ಸಿನಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದ ಕೃತಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ವಿದ್ಯಾರ್ಥಿಗಳೊಡನೆ ಪಶ್ಚಿಮ ಘಟ್ಟಗಳಲ್ಲಿ ನಡೆಸಿದ ಸಸ್ಯಪ್ರವಾಸಗಳ ಈ ಕಥನ, ಅವರೇ ಬರೆದ ಚಿತ್ರಗಳೊಂದಿಗೆ 1976ರಲ್ಲಿ ಪ್ರಕಟವಾಗಿ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಶಿರಸಿ ಸೀಮೆಯಲ್ಲಿ ಅದೇ ಹೊತ್ತಿಗೆ ಕಾಡಿನ ಪ್ರಶ್ನೆ ಬೇರೆ ರೀತಿಯಲ್ಲಿ ಕಾವೇರುತ್ತಿತ್ತು. ಬೇಡ್ತಿ ಜಲವಿದ್ಯುತ್ ಯೋಜನೆಯನ್ನು ವಿರೋಧಿಸಿದ ತೋಟಿಗರು ವಿಜ್ಞಾನಿಗಳನ್ನು ಕರೆಸಿ ಮುಳುಗುವ ಕಾಡಿನ ಲೆಕ್ಕವನ್ನು ಚರ್ಚೆಗೆ ತಂದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿಕೊಂಡು ನಿಂತರು. ಪಾಂಡುರಂಗ ಹೆಗಡೆಯವರ ಮುಂದಾಳುತನದ ಈ ಅಪ್ಪಿಕೋ ಚಳವಳಿ 'ಉಳಿಸು, ಬೆಳೆಸು, ಬಳಸು' ಎಂಬ ಮೂರು ಮಾತುಗಳನ್ನು ಊರೂರಿಗೆ ಮುಟ್ಟಿಸಿತು. ಇಲಾಖೆಯವರು ಒಂದೇ ಜಾತಿಯ ನೆಡುತೋಪುಗಳನ್ನು ಎಬ್ಬಿಸುವಾಗ ಜನರು ಕಳೆದುಕೊಳ್ಳುತ್ತಿದ್ದ ಮರಗಳನ್ನು ಹೆಸರು ಹಿಡಿದು ಹೇಳಬಲ್ಲವರಾಗಿದ್ದರು. ಆ ಚಳವಳಿಯ ಬಲವಿದ್ದುದು ಇಲ್ಲಿ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಆರಂಭವಾದ ಪರಿಸರ ವಿಜ್ಞಾನ ಕೇಂದ್ರವು ಮಾಧವ ಗಾಡ್ಗೀಳರ ನೇತೃತ್ವದಲ್ಲಿ ಈ ಜಿಲ್ಲೆಯನ್ನು ತನ್ನ ಮುಖ್ಯ ಅಧ್ಯಯನಕ್ಷೇತ್ರವಾಗಿ ಮಾಡಿಕೊಂಡಿತು. ತಲಾ ಒಂದು ಹೆಕ್ಟೇರಿನ ತಾಕುಗಳಲ್ಲಿ ಪ್ರತಿ ಮರವನ್ನೂ ಗುರುತಿಸಿ, ಸುತ್ತಳತೆ ತೆಗೆದು, ವರ್ಷಗಳ ಅನಂತರ ಮತ್ತೆ ಅಳೆಯುವ ಕೆಲಸ ನಡೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅರಣ್ಯ ಮಹಾವಿದ್ಯಾಲಯ ಶಿರಸಿಯಲ್ಲಿ ನೆಲೆಗೊಂಡಿತು. ವೃಕ್ಷಶಾಸ್ತ್ರ, ಅಂದರೆ ಮರಗಳನ್ನು ಗುರುತಿಸಿ ವರ್ಗೀಕರಿಸುವ ಶಾಸ್ತ್ರ, ಅಲ್ಲಿಯ ಪಾಠಗಳಲ್ಲೊಂದು. ಬೆಟ್ಟದಲ್ಲಿ ಹೊರೆಯಾಗಿ ಇಳಿಯುತ್ತಿದ್ದ ಎಲೆ ಈಗ ಸುಮಾರು 42 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಹಾಳೆಯ ಮೇಲೆಯೂ ಕುಳಿತಿತು.

ಇಷ್ಟೆಲ್ಲ ಪಟ್ಟಿಗಳ ಅನಂತರ ಹೊಸದೇನೂ ಉಳಿದಿಲ್ಲವೆಂದು ಭಾವಿಸುವಂತಿರಲಿಲ್ಲ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಕಾಡುಜಾಜಿಕಾಯಿಯ ಮರಗಳು ಜೌಗಿನ ನೆಲದಲ್ಲಿ ಊರುಗಾಲಿನಂಥ ಬೇರುಗಳನ್ನೂ ಮಂಡಿಯಂತೆ ಮೇಲೆದ್ದ ಬೇರುಗಳನ್ನೂ ಚಾಚಿ ನಿಂತಿರುವ ತಾಣಗಳಿವೆ. ಇವುಗಳ ತೊಗಟೆ ಸೀಳಿದರೆ ನೆತ್ತರಿನಂಥ ಕೆಂಪು ರಸ ಒಸರುತ್ತದೆ. ಅಲ್ಲಿ ಕಂಡ, ಬಹಳ ದೊಡ್ಡ ಎಲೆಯ, ಗೇರಿನ ಕುಟುಂಬದ ಮರವೊಂದು ವಿಜ್ಞಾನಕ್ಕೆ ಹೊಸತೆಂದು ದಾಸಪ್ಪ ಮತ್ತು ಸ್ವಾಮಿನಾಥ್ 2000ದಲ್ಲಿ ಪ್ರಕಟಿಸಿ ಅದಕ್ಕೆ 'ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್' ಎಂದು ಹೆಸರಿಟ್ಟರು. ಬುಕನನ್ ಹಾದುಹೋಗಿ ಎರಡು ಶತಮಾನಗಳಾದ ಮೇಲೆ ಕನ್ನಡದ ಇನ್ನೊಂದು ಮಾತು, ಈ ಸಲ ಒಂದು ಕಾನಿನ ಹೆಸರೇ, ಲ್ಯಾಟಿನ್ನಿಗೆ ಸೇರಿತು.

ಹೊಸ ಮರ ಸಿಕ್ಕಿದ ಅದೇ ದಶಕಗಳಲ್ಲಿ ಹಳೆಯ ಕಣ್ಣು ಮಂಕಾಗುತ್ತ ಬಂದುದು ಈ ಇತಿಹಾಸದ ನೋವಿನ ಭಾಗ. ಸೊಪ್ಪು ಹೊರುವ ಕೆಲಸಕ್ಕೆ ಜನ ಸಿಗದಾದರು, ಕೊಟ್ಟಿಗೆಯ ದನಗಳು ಕಡಿಮೆಯಾದವು, ಚೀಲದ ಗೊಬ್ಬರ ಬಂದಿತು. ಬೋಳಾದ ಗುಡ್ಡಗಳಲ್ಲಿ ಅಕೇಶಿಯ ತುಂಬಿತು. ಎಲೆ ಕಲಿಯುವ ಮಗುವಿಗೆ ಅಕೇಶಿಯ ಒಂದು ವಿಚಿತ್ರ ಪರೀಕ್ಷೆ ಒಡ್ಡುತ್ತದೆ: ಅದರ ಕುಡುಗೋಲಿನಾಕಾರದ ಹಸುರು 'ಎಲೆ' ಎಲೆಯೇ ಅಲ್ಲ. ಅದು ಚಪ್ಪಟೆಯಾಗಿ ಹರಡಿದ ತೊಟ್ಟು. ಸಸ್ಯಶಾಸ್ತ್ರದಲ್ಲಿ ಅದನ್ನು ಫಿಲ್ಲೋಡ್ ಎನ್ನುತ್ತಾರೆ. ಬೀಜದಿಂದ ಆಗತಾನೇ ಮೊಳೆತ ಸಸಿಯಲ್ಲಿ ಮಾತ್ರ ಹುಣಸೆಯನ್ನು ಹೋಲುವ ನಿಜವಾದ ಎಲೆಚೂರುಗಳು ಕಾಣಿಸಿಕೊಂಡು, ಕೆಲವು ದಿನಗಳಲ್ಲಿ ಮಾಯವಾಗುತ್ತವೆ. ಅದರ ದರಕು ಬೇಗ ಕಳಿಯುವುದಿಲ್ಲವೆಂದು ತೋಟಿಗರು ದೂರುತ್ತಾರೆ. ಹೆಸರು ಒಂದೇ, ಗುರುತು ಒಂದೇ, ಗುಡ್ಡದ ತುಂಬ ಅದೇ. ಅಂಥ ಗುಡ್ಡದಲ್ಲಿ ಬೆಳೆದ ಕಣ್ಣಿಗೆ ಓದಲು ಅಕ್ಷರಗಳೇ ಇರುವುದಿಲ್ಲ.

ಈ ಕೊರತೆಯನ್ನು ತುಂಬುವ ಯತ್ನಗಳು ಇವೆ. ಶಿರಸಿಯ ಬಳಿಯ ಕಳವೆಯಲ್ಲಿ ಲೇಖಕ ಶಿವಾನಂದ ಕಳವೆಯವರ ಕಾನ್ಮನೆ, ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ, 2002ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯಿತಿಗಳು ಬರೆಯಬೇಕಾದ ಜನತಾ ಜೀವವೈವಿಧ್ಯ ದಾಖಲೆ ಇವೆಲ್ಲ ಒಂದೇ ದಿಕ್ಕಿಗೆ ನಡೆಯುತ್ತವೆ. ಮಕ್ಕಳ ಎಲೆ ಸಂಗ್ರಹಕ್ಕೆ ಹೆಚ್ಚಿನ ಸಲಕರಣೆಯೂ ಬೇಡ. ಮೀಸಲು ಕಾಡಿನಲ್ಲಿ ಅನುಮತಿಯಿಲ್ಲದೆ ಕೊಯ್ಯಬಾರದು. ಮನೆಯ ಸುತ್ತಲಿನ, ರಸ್ತೆಯಂಚಿನ ಉದುರಿದ ಎಲೆ ಮೊದಲ ಪಾಠಕ್ಕೆ ಸಾಕು. ಒಂಟಿ ಎಲೆಗಿಂತ ಎಲೆಗಳ ಜೋಡಣೆ ಕಾಣುವ ಪುಟ್ಟ ರೆಂಬೆ ಉತ್ತಮ, ಏಕೆಂದರೆ ಎದುರುಬದುರೋ ಪರ್ಯಾಯವೋ ಎಂಬುದು ರೆಂಬೆಯಲ್ಲಿಯೇ ತಿಳಿಯಬೇಕು. ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಮಣೆ ಮತ್ತು ಕಲ್ಲು ಹೇರಬೇಕು. ಈ ಸೀಮೆಯ ಮಳೆಗಾಲದಲ್ಲಿ ಹಾಳೆಯನ್ನು ದಿನವೂ ಬದಲಿಸದಿದ್ದರೆ ಮೂರನೆಯ ದಿನಕ್ಕೆ ಬೂಸಲು ಹಿಡಿಯುತ್ತದೆ. ಅಡಿಕೆ ಒಣಗಿಸುವ ಬೆಚ್ಚಗಿನ ಅಟ್ಟವಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಚೀಟಿಯಲ್ಲಿ ಊರು, ದಿನ, ತೊಗಟೆಯ ಬಣ್ಣ, ಕಿವುಚಿದಾಗಿನ ವಾಸನೆ ಇವಿಷ್ಟನ್ನು ಬರೆದ ಮೇಲೆ ಇನ್ನೊಂದು ಸಾಲು ಖಾಲಿ ಬಿಡಬೇಕು. ಆ ಎಲೆಯನ್ನು ಹಿಡಿದುಕೊಂಡು ಊರಿನಲ್ಲಿ ಸೊಪ್ಪು ಕೊಯ್ದ, ದರಕು ಗುಡಿಸಿದ ಹಿರಿಯರೊಬ್ಬರ ಮನೆಗೆ ಮಕ್ಕಳನ್ನು ಕಳುಹಿಸಿ, ಅವರು ಹೇಳಿದ ಹೆಸರಿನ ಮುಂದೆ ಅವರ ಹೆಸರನ್ನೂ ಬರೆಸುವ ಕೆಲಸವನ್ನು ಈ ಮೂರು ತಾಲ್ಲೂಕುಗಳ ಅಧ್ಯಾಪಕರು ಈ ವರ್ಷವೇ ಆರಂಭಿಸಬೇಕು.